ವೀಸಾಗೆ ಬೇಕಾದ ಕಾಗದ ಜಿಲ್ಲೆಯಲ್ಲೇ ಸರಿಯಾಗಲಿ

ಮಾನ್ಯ ಸಂಪಾದಕರೇ,

ಜರ್ಮನಿಯಲ್ಲಿ ಕೆಲಸಕ್ಕೆ ಅವಕಾಶ ಜಾಸ್ತಿಯಾಗಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಆ ದೇಶ ಭಾರತದ ನುರಿತ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಹೇಳಿತು. ಅದಾದ ಮೇಲೆ ನಮ್ಮ ಅಂಗಡಿಗೆ ಬರುವ ನರ್ಸಿಂಗ್ ಹುಡುಗಿಯರು, ಡಿಪ್ಲೊಮಾ ಮುಗಿಸಿದ ಹುಡುಗರು ಜಾಸ್ತಿಯಾಗಿದ್ದಾರೆ. ಹಾಸನದ ತಾಲ್ಲೂಕು ಕಚೇರಿ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಮೊದಲು ಅದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಆಗಿತ್ತು, ಈಗ ಆನ್‌ಲೈನ್ ಅರ್ಜಿ ತುಂಬಿಕೊಡುತ್ತೇನೆ. ಇವರ ಕಾಗದಗಳನ್ನು ದಿನಾ ನೋಡುವವಳಾಗಿ ಒಂದು ಮಾತು ಹೇಳಬೇಕು. ಹೊರದೇಶದಲ್ಲಿ ವರ್ಷಗಟ್ಟಲೆ ಇರಲು ಬೇಕಾದ ವೀಸಾ ನಮ್ಮ ಜಿಲ್ಲೆಯವರಿಗೆ ತಡವಾಗುತ್ತಿದ್ದರೆ, ಎಷ್ಟೋ ಸಲ ಅದರ ಕಾರಣ ಇಲ್ಲೇ ಇದೆ. ನಮ್ಮ ಶಾಲೆ, ಪಂಚಾಯಿತಿ, ಪುರಸಭೆಯ ದಾಖಲೆಗಳಲ್ಲಿದೆ. ಅದನ್ನು ಇಲ್ಲೇ ಸರಿಮಾಡಬಹುದು.

ಮೊದಲು ಹೆಸರಿನ ವಿಷಯ ಹೇಳುತ್ತೇನೆ. ನನ್ನ ಅಕ್ಕನ ಮಗಳು ನರ್ಸ್. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅವಳ ಹೆಸರಿನ ಜೊತೆ ಎರಡು ಇನಿಷಿಯಲ್ ಇವೆ. ಒಂದು ಅರಕಲಗೂಡಿನದು, ಇನ್ನೊಂದು ಅವರಪ್ಪನ ಹೆಸರಿನದು. ಪಾಸ್‌ಪೋರ್ಟ್‌ಗೆ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಅಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಯಿತು, ಊರಿನ ಹೆಸರು ಬಿಟ್ಟುಹೋಯಿತು. ನರ್ಸಿಂಗ್ ನೋಂದಣಿ ಪತ್ರದಲ್ಲಿ ಮತ್ತೆ ಇನಿಷಿಯಲ್. ಆಧಾರ್‌ನಲ್ಲಿ ಬರೀ ಅವಳ ಹೆಸರು. ನಮಗೆ ಇವೆಲ್ಲ ಒಬ್ಬಳೇ ಹುಡುಗಿ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಹೆಸರಿನ ಮುಂದೆ ಊರನ್ನು ಇಟ್ಟುಕೊಳ್ಳುವ ನಮ್ಮ ರೂಢಿ ಹೊರದೇಶದ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಅವರು ಅಕ್ಷರ ಅಕ್ಷರ ಹೋಲಿಸಿ ನೋಡುತ್ತಾರೆ, ಅದು ಅವರ ಕೆಲಸ. ಸ್ಟಾಂಪ್ ಪೇಪರ್, ಅಫಿಡವಿಟ್, ನೋಟರಿ, ತಿದ್ದುಪಡಿಗೆ ಬೆಂಗಳೂರಿಗೆ ಓಡಾಟ. ಇದೆಲ್ಲ ಮುಗಿಯುವಷ್ಟರಲ್ಲಿ ವೀಸಾ ಅರ್ಜಿ ಕೊಡಲು ಸಿಕ್ಕಿದ್ದ ಅಪಾಯಿಂಟ್‌ಮೆಂಟ್ ಕೈತಪ್ಪಿತು. ರಾತ್ರಿ ಪಾಳಿ ಮುಗಿಸಿ ಬಂದು ಜರ್ಮನ್ ಕಲಿತು, ಬಿ2 ಎಂಬ ಮೇಲಿನ ಮಟ್ಟದ ಭಾಷಾ ಪರೀಕ್ಷೆ ಪಾಸು ಮಾಡಿದ ಹುಡುಗಿ ಅವಳು. ಅಷ್ಟು ಕಷ್ಟದ ಪರೀಕ್ಷೆ ದಾಟಿದವಳು ಎರಡು ಅಕ್ಷರಕ್ಕಾಗಿ ಕಾಯಬೇಕಾಯಿತಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಇದಕ್ಕೆ ಪರಿಹಾರ ಶಾಲೆಯಲ್ಲಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮಕ್ಕಳ ಹೆಸರು ನೋಂದಾಯಿಸುವ ಮೊದಲು ತಂದೆ ತಾಯಿಯನ್ನು ಕರೆಸಿ, ಜನನ ಪ್ರಮಾಣ ಪತ್ರ, ಆಧಾರ್ ಎರಡನ್ನೂ ಎದುರಿಗಿಟ್ಟುಕೊಂಡು ಪೂರ್ತಿ ಹೆಸರು ಬರೆಸಬೇಕು. ಇನಿಷಿಯಲ್ ಬೇಕಾದರೆ ಅದು ಏನೆಂದು ಬಿಡಿಸಿ ಬರೆಯಬೇಕು. ಹಳ್ಳಿಯ ತಾಯಂದಿರಿಗೆ ಇದರ ಬೆಲೆ ಯಾರೂ ಹೇಳಿರುವುದಿಲ್ಲ. ಶಿಕ್ಷಣ ಇಲಾಖೆ ಮನಸ್ಸು ಮಾಡಿದರೆ ಒಂದು ಸುತ್ತೋಲೆಯಲ್ಲಿ ಆಗುವ ಕೆಲಸ ಇದು.

ಮಕ್ಕಳ ಕಾಗದದ ತಪ್ಪು ತಂದೆ ತಾಯಿಗೂ ತೊಡರುತ್ತದೆ. ಆಲೂರು ಕಡೆಯ ದಂಪತಿಯೊಬ್ಬರು ಬಂದಿದ್ದರು. ಮಗ ಕೆನಡಾದಲ್ಲಿದ್ದಾನೆ, ಸೊಸೆ ಬಸುರಿ. ಕೆನಡಾದಲ್ಲಿ ಹೀಗೆ ತಂದೆ ತಾಯಿಗೆ, ಅಜ್ಜ ಅಜ್ಜಿಗೆ ಸೂಪರ್ ವೀಸಾ ಎಂಬುದಿದೆ. 2022ರ ಜುಲೈನಿಂದ ಒಂದು ಸಲ ಹೋದರೆ ಐದು ವರ್ಷದವರೆಗೂ ಇರಬಹುದು. ಮಗನಿಗೆ ಇಂತಿಷ್ಟು ಆದಾಯ ಇರಬೇಕು, ಕನಿಷ್ಠ ಒಂದು ಲಕ್ಷ ಕೆನಡಾ ಡಾಲರ್‌ನ ಆರೋಗ್ಯ ವಿಮೆ ಬೇಕು, ಅವರು ಗೊತ್ತುಮಾಡಿದ ವೈದ್ಯರ ಹತ್ತಿರ ತಪಾಸಣೆ ಆಗಬೇಕು. ಇದೆಲ್ಲ ಮಗ ಓದಿಕೊಂಡು ಸಿದ್ಧ ಮಾಡಿದ್ದ. ಆದರೆ ಇವರು ಅವನ ತಂದೆ ತಾಯಿ ಎಂದು ತೋರಿಸುವ ಕಾಗದ? ಅವನ ಜನನ ಪ್ರಮಾಣ ಪತ್ರದಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ. ತಾಯಿಯ ಹೆಸರಿರುವ ಕಡೆ ಮನೆಯಲ್ಲಿ ಕರೆಯುವ ಹೆಸರು. ಆಗಿನ ಕಾಲದಲ್ಲಿ ಆಸ್ಪತ್ರೆಯಲ್ಲಿ ಅಜ್ಜಿ ಹೇಳಿದ್ದನ್ನೇ ಬರೆದುಕೊಳ್ಳುತ್ತಿದ್ದರು. ಆ ತಾಯಿ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು, ‘ನಾನೇ ಹೆತ್ತಿದ್ದು ಅಂತ ನಾನು ಯಾರಿಗೆ ಹೇಳ್ಲಿ ಮೇಡಂ’ ಎಂದು ಕಣ್ಣೊರೆಸಿಕೊಂಡರು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಹೆಸರಿಲ್ಲದೆ ನೋಂದಣಿಯಾದ ಮಗುವಿನ ಹೆಸರನ್ನು 15 ವರ್ಷದೊಳಗೆ ಸೇರಿಸಲು ನಿಯಮದಲ್ಲಿ ಅವಕಾಶವಿದೆ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ದಯವಿಟ್ಟು ಆ ಪತ್ರವನ್ನು ಇವತ್ತೇ ತೆಗೆದು ನೋಡಿ. ಹುಟ್ಟನ್ನು ನೋಂದಾಯಿಸಿಯೇ ಇಲ್ಲದವರಿಗೂ ದಾರಿಯಿದೆ. ಒಂದು ವರ್ಷ ದಾಟಿದರೆ ಮೊದಲು ಕೋರ್ಟಿಗೇ ಹೋಗಬೇಕಿತ್ತು. 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟ್ ಹಂತಕ್ಕೆ ತಂದಿದೆ. ಕಾನೂನು ಜಿಲ್ಲೆಯ ಬಾಗಿಲಿಗೆ ಬಂದಿದೆ ಎಂದಾಯಿತಲ್ಲ. ಹಾಗಿದ್ದ ಮೇಲೆ ಪಿಂಚಣಿ, ಕಂದಾಯ ಅದಾಲತ್ ಮಾಡುವ ಹಾಗೆ ಜನನ ಪತ್ರದ ಅದಾಲತ್ತನ್ನೂ ಹೋಬಳಿ ಮಟ್ಟದಲ್ಲಿ ಯಾಕೆ ಮಾಡಬಾರದು?

ಮದುವೆ ನೋಂದಣಿಯೂ ಹೀಗೆಯೇ. ಗಂಡ ಹೊರದೇಶದಲ್ಲಿದ್ದು ಹೆಂಡತಿಯನ್ನು ಕರೆಸಿಕೊಳ್ಳಬೇಕಾದರೆ ಕಲ್ಯಾಣ ಮಂಟಪದ ರಸೀದಿ, ಲಗ್ನಪತ್ರಿಕೆ ಸಾಲದು. ಉಪನೋಂದಣಾಧಿಕಾರಿ ಕೊಟ್ಟ ಪ್ರಮಾಣ ಪತ್ರವೇ ಬೇಕು. ಹುಡುಗ ರಜೆ ಮುಗಿಸಿ ವಿಮಾನ ಹತ್ತುವ ಮೊದಲೇ ಅದನ್ನು ಮಾಡಿಸಿಕೊಳ್ಳಿ ಎಂದು ಮದುವೆ ಮನೆಯವರಿಗೆಲ್ಲ ಹೇಳುತ್ತಿರುತ್ತೇನೆ. ಜರ್ಮನಿಗಾದರೆ ಹೆಂಡತಿಗೆ ಸಾಮಾನ್ಯವಾಗಿ ಎ1 ಎಂಬ ಮೊದಲ ಮಟ್ಟದ ಜರ್ಮನ್ ಭಾಷೆಯೂ ಬೇಕು. ಗಂಡ ಬ್ಲೂ ಕಾರ್ಡ್‌ನಲ್ಲಿದ್ದರೆ, ಅಂದರೆ ಹೆಚ್ಚು ಓದಿದ ಕೆಲಸಗಾರರಿಗೆ ಕೊಡುವ ಪರವಾನಗಿಯಲ್ಲಿದ್ದರೆ, ಅದರಿಂದ ವಿನಾಯಿತಿ ಇದೆ. ಇದು ಗೊತ್ತಿಲ್ಲದೆ ಸುಮ್ನೆ ಕೋಚಿಂಗ್‌ಗೆ ದುಡ್ಡು ಸುರಿದವರನ್ನೂ ಕಂಡಿದ್ದೇನೆ.

ಮಾಹಿತಿ ಇಲ್ಲದ ಕಡೆ ಏಜೆಂಟರು ಬರುತ್ತಾರೆ. ‘ಸದ್ಯ ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿಗೆ ಹೋದ ಮೇಲೆ ಲಾಂಗ್ ಸ್ಟೇ ಮಾಡಿಸಿಕೊಡ್ತೀವಿ’ ಎಂದು ಒಬ್ಬ ಹುಡುಗನ ಹತ್ತಿರ ಲಕ್ಷಗಟ್ಟಲೆ ಕೇಳಿದ್ದರು. ಅವರಪ್ಪ ಆಲೂಗೆಡ್ಡೆ ಬೆಳೆಯುವವರು, ಜಮೀನು ಅಡ ಇಡಲು ಹೊರಟಿದ್ದರು. ಷೆಂಗೆನ್ ದೇಶಗಳ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ, ಪ್ರವಾಸಿ ವೀಸಾದಲ್ಲಿ 180 ದಿನಗಳ ಅವಧಿಯಲ್ಲಿ 90 ದಿನಕ್ಕಿಂತ ಹೆಚ್ಚು ಇರುವ ಹಾಗಿಲ್ಲ. ಅದಕ್ಕಿಂತ ಜಾಸ್ತಿ ಇರಬೇಕಾದರೆ ಡಿ ವೀಸಾ ಎಂದು ಬೇರೆ ಇದೆ, ಅದನ್ನು ಹೋಗುವ ದೇಶವೇ ಕೊಡುತ್ತದೆ. ಇಲ್ಲಿಂದ ಹೊರಡುವ ಮೊದಲೇ ಅದನ್ನು ಪಡೆಯಬೇಕು. ಕೆಲಸಕ್ಕೆ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಅವರು ಸೇವಾ ಶುಲ್ಕವಾಗಿ ತೆಗೆದುಕೊಳ್ಳಬಹುದಾದ್ದು ಹೆಚ್ಚೆಂದರೆ 30 ಸಾವಿರ ರೂಪಾಯಿ, ಮೇಲೆ ಜಿಎಸ್‌ಟಿ. ಏಜೆಂಟರ ಹೆಸರು ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂದು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ನಾನು ಅವರಿಗೆ ಅದನ್ನೇ ತೆಗೆದು ತೋರಿಸಿದೆ. ಅವರು ಹೇಳಿದ ಹೆಸರು ಪಟ್ಟಿಯಲ್ಲಿ ಇರಲೇ ಇಲ್ಲ. ಜಮೀನು ಉಳಿಯಿತು.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಪಾಸ್‌ಪೋರ್ಟ್‌ಗೆ ಮೊದಲು ಬೆಂಗಳೂರಿಗೆ ಹೋಗುತ್ತಿದ್ದೆವು. 2017ರ ಜನವರಿಯಲ್ಲಿ ಮೈಸೂರಿನ ಅಂಚೆ ಕಚೇರಿಯಲ್ಲಿ ಸೇವಾ ಕೇಂದ್ರ ಶುರುವಾಯಿತು, ಈಗ ಹಾಸನದ ಅಂಚೆ ಕಚೇರಿಯಲ್ಲೂ ಇದೆ. ದೀರ್ಘಾವಧಿ ವೀಸಾಗೆ ಎಷ್ಟೋ ದೇಶಗಳು ಕೇಳುವ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್‌ಗೂ 2022ರ ಸೆಪ್ಟೆಂಬರ್‌ನಿಂದ ಅಂಚೆ ಕಚೇರಿಯ ಕೇಂದ್ರಗಳಲ್ಲೇ ಅರ್ಜಿ ಹಾಕಬಹುದು. ಅದರಿಂದ ಎಷ್ಟು ಜನರ ಬಸ್ ಚಾರ್ಜು, ಒಂದು ದಿನದ ಕೂಲಿ ಉಳಿದಿದೆ ಎಂಬುದು ನನಗೆ ಗೊತ್ತು. ಅಂಥದೇ ಒಂದು ಹೆಜ್ಜೆ ಅಪೊಸ್ಟಿಲ್, ಅಂದರೆ ನಮ್ಮ ಕಾಗದ ಅಸಲಿ ಎಂದು ಹೊರದೇಶಕ್ಕೆ ತೋರಿಸುವ ಮುದ್ರೆಯ ವಿಷಯದಲ್ಲೂ ಬೇಕು. ಸ್ಪೇನ್, ಪೋರ್ಚುಗಲ್‌ನಂಥ ದೇಶಗಳು ನಮ್ಮ ಪ್ರಮಾಣ ಪತ್ರಗಳಿಗೆ ಈ ಮುದ್ರೆ ಕೇಳುತ್ತವೆ. ಈ ಮುದ್ರೆಯನ್ನು ಒಪ್ಪುವ ದೇಶಗಳ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿತು. ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. ಸಚಿವಾಲಯದ ಶುಲ್ಕ ಒಂದು ಕಾಗದಕ್ಕೆ ಬರೀ 50 ರೂಪಾಯಿ. ಆದರೆ ದಾರಿ ಗೊತ್ತಿಲ್ಲದ ನಮ್ಮವರು ಮಧ್ಯವರ್ತಿಗಳಿಗೆ ಸಾವಿರಗಟ್ಟಲೆ ಕೊಡುತ್ತಾರೆ. ರಾಜ್ಯದ ಮೊದಲ ಹಂತದ ದೃಢೀಕರಣವಾದರೂ ಜಿಲ್ಲಾಧಿಕಾರಿ ಕಚೇರಿಯಲ್ಲೇ ಆಗುವಂತಾದರೆ ಅರ್ಧ ಭಾರ ಇಳಿಯುತ್ತದೆ.

ಊರು ಬಿಟ್ಟು ಹೋಗುವವರಿಗೆ ಜಿಲ್ಲಾಡಳಿತ ಯಾಕೆ ಸಹಾಯ ಮಾಡಬೇಕು ಎಂದು ಕೇಳುವವರಿದ್ದಾರೆ. ಅವರ ಮಾತು ನನಗೆ ಅರ್ಥವಾಗುತ್ತದೆ. ಮನೆಗಳಲ್ಲಿ ವಯಸ್ಸಾದವರಷ್ಟೇ ಉಳಿದಿರುವ ಹಳ್ಳಿಗಳನ್ನು ನಾನೂ ನೋಡಿದ್ದೇನೆ. ಆದರೆ ಹೋಗುವವರು ನಾವು ಸಹಾಯ ಮಾಡಲಿ ಬಿಡಲಿ ಹೋಗುತ್ತಾರೆ. ಸರಿಯಾದ ಕಾಗದ ಇಟ್ಟುಕೊಂಡು, ಸಾಲವಿಲ್ಲದೆ, ಕಾನೂನಿನ ದಾರಿಯಲ್ಲಿ ಹೋಗಲಿ ಎಂಬುದಷ್ಟೇ ನನ್ನ ಆಸೆ. ಹಾಗೆ ಹೋದವರು ರಜೆಗೆ ನೆಮ್ಮದಿಯಾಗಿ ಊರಿಗೆ ಬಂದು ಹೋಗಬಲ್ಲರು. ಕಳ್ಳದಾರಿಯಲ್ಲಿ ಹೋದವರು ಅಪ್ಪ ತೀರಿಕೊಂಡರೂ ಬರಲಾರರು. ಅಲ್ಲದೆ ಜನನ ಪತ್ರ, ಹೆಸರು, ಮದುವೆ ನೋಂದಣಿ ಸರಿಯಿದ್ದರೆ ಊರಲ್ಲೇ ಉಳಿಯುವವರಿಗೂ ಪಿಂಚಣಿಗೆ, ಪೌತಿ ಖಾತೆಗೆ ಅದೇ ಕಾಗದ ಉಪಯೋಗಕ್ಕೆ ಬರುತ್ತದೆ ಅಲ್ವಾ?

ಕರ್ನಾಟಕ ಕೌಶಲ್ಯ ಅಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ. ಹೊರದೇಶದ ಕೆಲಸಕ್ಕೆ ಹೋಗುವವರಿಗೆ ದಾರಿ ತೋರಿಸಲೆಂದೇ ಇರುವ ಕೇಂದ್ರ ಅದು. ನಮ್ಮ ಅಂಗಡಿಗೆ ಬರುವವರಲ್ಲಿ ಅದರ ಹೆಸರು ಕೇಳಿದವರೇ ಅಪರೂಪ. ಆ ಕೇಂದ್ರದವರು ತಿಂಗಳಿಗೆ ಒಂದು ದಿನ ಹಾಸನಕ್ಕೆ ಬರಲಿ. ಅದೇ ದಿನ ಜನನ ನೋಂದಣಿಯವರು, ಉಪನೋಂದಣಾಧಿಕಾರಿ ಕಚೇರಿಯವರು, ಶಿಕ್ಷಣ ಇಲಾಖೆಯವರು ಒಂದೇ ಕಡೆ ಕೂರಲಿ. ಸಕಲೇಶಪುರ, ಅರಸೀಕೆರೆ, ಹೊಳೆನರಸೀಪುರದಿಂದ ಬರುವವರಿಗೂ ಅನುಕೂಲವಾಗುತ್ತದೆ. ಜಿಲ್ಲಾಧಿಕಾರಿಗಳು ಮತ್ತು ಜಿಲ್ಲಾ ಉಸ್ತುವಾರಿ ಸಚಿವರು ಈ ಬಗ್ಗೆ ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅಂಥ ಶಿಬಿರ ನಡೆಯುವುದಾದರೆ ಅರ್ಜಿ ತುಂಬಿಕೊಡಲು ನಾನು ನನ್ನ ಕಂಪ್ಯೂಟರ್, ಪ್ರಿಂಟರ್ ತೆಗೆದುಕೊಂಡು ಬರುತ್ತೇನೆ. ನಮ್ಮ ಬೀದಿಯ ಬೇರೆ ಅಂಗಡಿಯವರನ್ನೂ ಮಾತಾಡಿಸಿದ್ದೇನೆ, ಅವರೂ ಒಪ್ಪಿದ್ದಾರೆ. ಆ ದಿನದ ಕೆಲಸಕ್ಕೆ ನಾವು ಯಾರ ಹತ್ತಿರವೂ ದುಡ್ಡು ತೆಗೆದುಕೊಳ್ಳುವುದಿಲ್ಲ.

ಇಂತಿ,
ಅರ್ಜಿ ತುಂಬುವ ಅಂಗಡಿಯ ಓದುಗಿ,
ಹಾಸನ