ನಡಿಗೆಯ ಪುಸ್ತಕ

ಮೈಸೂರು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಫೋನು ಬದಲಾಯಿಸುವಾಗ ನಿನ್ನ ಮೂರು ವರ್ಷದ ಓಟದ ಲೆಕ್ಕವೆಲ್ಲ ಅಳಿಸಿಹೋಯಿತು ಅಂತ ನಿಮ್ಮಮ್ಮ ಹೇಳಿದಳು. ಕೇಳಿ ಹೊಟ್ಟೆ ಉರೀತು. ಇದರ ಜೊತೆ ಇನ್ನೂರು ಪುಟದ ಒಂದು ನೋಟ್‌ಬುಕ್ ಕಳಿಸಿದ್ದೇನೆ. ಇನ್ಮೇಲೆ ಕೈಯಲ್ಲೇ ಬರಿ.

ನಾನು ಶುರು ಮಾಡಿದ್ದು 1998ರಲ್ಲಿ. ವಾರವೆಲ್ಲ ಕುಕ್ಕರಹಳ್ಳಿ ಕೆರೆ, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ದಿನಕ್ಕೆ ಒಂದೇ ಸಾಲು. ತಾರೀಕು, ಎಷ್ಟು ಹೊತ್ತು ನಡೆದೆ, ನಿದ್ದೆ ಹೇಗಿತ್ತು, ಬೆಳಗಿನ ನಾಡಿ ಎಷ್ಟು. ನಾಡಿಯನ್ನು ಹಾಸಿಗೆ ಬಿಟ್ಟು ಏಳುವ ಮೊದಲೇ ನೋಡಬೇಕು. ಹೆಬ್ಬೆರಳು ಬೇಡ, ಅದರದೇ ಬಡಿತ ಲೆಕ್ಕ ತಪ್ಪಿಸುತ್ತದೆ. ಎರಡು ಬೆರಳು ಮಣಿಕಟ್ಟಿನ ಮೇಲಿಟ್ಟು ಅರ್ಧ ನಿಮಿಷ ಎಣಿಸು, ಎರಡರಿಂದ ಗುಣಿಸು.

ನಡೆಯದ ದಿನವನ್ನೂ ಬರಿ. 2006ರಲ್ಲಿ ಊರಿಗೆಲ್ಲ ಚಿಕೂನ್‌ಗುನ್ಯಾ ಬಂದಾಗ ನನಗೂ ಬಂತು. ಆ ಪುಟಗಳನ್ನು ನಿನಗೆ ತೋರಿಸಬೇಕು. ಬೆರಳು ಮಡಚುತ್ತಿರಲಿಲ್ಲ. 'ಇಲ್ಲ' ಅನ್ನೋ ಎರಡಕ್ಷರ ಗೆರೆ ಬಿಟ್ಟು ಕೆಳಗೆ ಜಾರಿದೆ. ಆರು ವಾರ ಹಾಗೇ, ಇಲ್ಲ, ಇಲ್ಲ. ಆಮೇಲೆ 'ಗೇಟಿನ ತನಕ'. ಆಮೇಲೆ 'ಹಾಲಿನ ಬೂತಿನ ತನಕ'. ಅಲ್ಲಿಗೆ ಬರುವ ಹೊತ್ತಿಗೆ ಅಕ್ಷರವೂ ನೆಟ್ಟಗಾಗಿದೆ. ಯಾವ ಫೋನು ಇದನ್ನು ಇಟ್ಟುಕೊಳ್ಳುತ್ತೆ ಹೇಳು?

ಇನ್ನೊಂದು ಮಾತು, ನೀನು ಹೆಣ್ಣುಮಗಳು ಅಂತ ಬಿಚ್ಚಿ ಹೇಳುತ್ತಿದ್ದೇನೆ. ಮುಟ್ಟಿನ ದಿನ ಅಂಚಿನಲ್ಲಿ ಒಂದು ಕೆಂಪು ಚುಕ್ಕಿ ಇಡು. 2009ರಲ್ಲಿ ನಾನು ಬೆಟ್ಟದ ಬುಡದಿಂದ ನಂದಿ ತನಕ 22 ನಿಮಿಷಕ್ಕೆ ಹತ್ತುತ್ತಿದ್ದೆ. ಎರಡು ತಿಂಗಳಲ್ಲಿ ಅದು 31 ಆಯಿತು. ವಯಸ್ಸಾಯ್ತಲ್ಲ ಅಂದರು ಮನೆಯಲ್ಲಿ. ಡಾಕ್ಟರೂ ಮೊದಲು ಅದನ್ನೇ ಅಂದರು. ಸುಮ್ನೆ ಎದ್ದು ಬರದೆ ಪುಸ್ತಕ ಬಿಚ್ಚಿ ಮೇಜಿನ ಮೇಲಿಟ್ಟೆ. ಇಪ್ಪತ್ತೆಂಟು ದಿನಕ್ಕೆ ಬರಬೇಕಾದ ಚುಕ್ಕಿ ಹದಿನೆಂಟಕ್ಕೇ ಬಂದಿತ್ತು, ಒಂದರ ಪಕ್ಕ ಒಂದು ಏಳೆಂಟು ಚುಕ್ಕಿ. ಅವರು ಬೆರಳಿಟ್ಟು ಎಣಿಸಿದರು. ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಹೆಂಗಸರಿಗೆ 12 ಆದರೂ ಇರಬೇಕಾದ ಹಿಮೋಗ್ಲೋಬಿನ್ ನನಗೆ 8.4 ಇತ್ತು. ವಯಸ್ಸಿನ ಮಾತು ನಂಬಿ ಕೂತಿದ್ದರೆ ಇನ್ನೂ ಎಷ್ಟು ಇಳಿಯುತ್ತಿತ್ತೋ.

ಬಾಲ್‌ಪೆನ್ನಿನಲ್ಲೇ ಬರಿ, ಇಂಕ್ ಪೆನ್ನಾದರೆ ಬೆವರು ಬಿದ್ದ ಕಡೆ ಕಲೆಸಿಹೋಗುತ್ತೆ. ಮನೆಗೆ ಬಂದು ಶೂ ಬಿಚ್ಚುವ ಮೊದಲೇ ಬರೆದುಬಿಡು. ರಾತ್ರಿ ಬರೆಯೋಣ ಅಂದರೆ ನಡೆದದ್ದಕ್ಕಿಂತ ಜಾಸ್ತಿ ಬರೆಯುತ್ತೇವೆ, ಕಂದ. 2020ರ ಲಾಕ್‌ಡೌನಿನಲ್ಲಿ ತಾರಸಿ ಸುತ್ತಿದ್ದನ್ನೂ ಎಣಿಸಿಯೇ ಬರೆದಿದ್ದೇನೆ.

ದಸರೆಗೆ ಬರುವಾಗ ನಿನ್ನ ಪುಸ್ತಕ ತಾ. ಭಾನುವಾರ ಬೆಟ್ಟ ಹತ್ತೋಣ. ನನಗೀಗ ನಂದಿ ತನಕ 36 ನಿಮಿಷ ಬೇಕು. ನೀನು ಮುಂದೆ ಹೋಗಿ ಅಲ್ಲೇ ಕೂತಿರು, ಬರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ