ಎಂಜಿನ್ ಇಳಿಸುವ ಮುಂಚೆ: ಮಗಳಿಗೊಂದು ಪತ್ರ

ಚಳ್ಳಕೆರೆ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ಅಪ್ಪ ಮಾಡುವ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಬಂದು ಹೋಯಿತು, ಈರುಳ್ಳಿ ಇನ್ನೂ ಹೊಲದಲ್ಲೇ ಇದೆ. ನಿನ್ನೆ ಫೋನಿನಲ್ಲಿ ನಾನು ರೇಗಿದ್ದು ನಿನ್ನ ಮೇಲಲ್ಲ, ಮನಸ್ಸಿಗೆ ಹಚ್ಕೋಬೇಡ. ನಿನ್ನ ಲಾರಿಯ ಕ್ಯಾಬಿನ್ ಎತ್ತಿ ಐದು ನಿಮಿಷ ಆಗಿಲ್ಲ, ಆಗಲೇ "ಎಂಜಿನ್ ಇಳಿಸಬೇಕು, ಒಂದು ಲಕ್ಷದ ಹತ್ತು ಸಾವಿರ ಆಗುತ್ತೆ" ಅಂದನಲ್ಲ ಆ ಗ್ಯಾರೇಜಿನವನು, ಅವನ ಮೇಲೆ. ಆದರೆ ಬೈಸಿಕೊಂಡಿದ್ದು ನೀನು. ನಿಮ್ಮಮ್ಮ ಪಕ್ಕದಲ್ಲೇ ನಿಂತು ಮೆಲ್ಲಗೆ ಮಾತಾಡಿ ಅಂತ ಕೈಸನ್ನೆ ಮಾಡುತ್ತಿದ್ದಳು. ಕೊನೆಗೆ ಹೇಳಬೇಕಾದ್ದು ಹೇಳೋಕೇ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೇಳಿದ್ದನ್ನು ರಾತ್ರಿಯೆಲ್ಲ ತಲೆಯಲ್ಲಿ ತಿರುಗಿಸಿದೆ. ಲೋಡ್ ಇದ್ದಾಗ ಮೇಲ್ಸೇತುವೆ ಏರುವಾಗ ಪಿಕಪ್ ಇಲ್ಲ. ಕಪ್ಪು ಹೊಗೆ ಬರುತ್ತೆ. ಮೈಲೇಜು ಇಳಿದಿದೆ. ಆದರೆ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ, ಎಂಜಿನ್ ಆಯಿಲ್ ಕಡಿಮೆ ಆಗಿಲ್ಲ, ರೇಡಿಯೇಟರ್ ನೀರು ಇಳಿದಿಲ್ಲ. ಇಷ್ಟು ಕೇಳಿದ ಯಾವ ಮೇಸ್ತ್ರಿಯೂ ಮೊದಲ ಮಾತಿಗೇ ಎಂಜಿನ್ ಇಳಿಸುವ ಸುದ್ದಿ ಎತ್ತಬಾರದು.

ಯಾಕೆ ಅಂತ ನಿನಗೆ ಗೊತ್ತಿರಲಿ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಒಳಗೆ ಬಂದ ಗಾಳಿಯನ್ನು ಪಿಸ್ಟನ್ನು ಹದಿನೇಳರಲ್ಲಿ ಒಂದು ಪಾಲಿಗೋ ಏನೋ ಅದುಮುತ್ತೆ. ಆ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತೆ. ಪಿಸ್ಟನ್ನಿನ ಸುತ್ತಲಿನ ರಿಂಗು, ಅದು ಓಡಾಡುವ ಸ್ಲೀವು ಸವೆದಿದ್ದರೆ ಗಾಳಿ ಸೋರುತ್ತೆ, ಕಾವು ಸಾಲೋದಿಲ್ಲ. ಆಗ ಬೆಳಗಿನ ಚಳಿಯಲ್ಲಿ ಗಾಡಿ ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಗುತ್ತೆ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗಿಂದ ಬುಸುಬುಸು ಅಂತ ಹೊಗೆ ತಳ್ಳುತ್ತೆ. ಆಯಿಲ್ ಸುಟ್ಟು ನೀಲಿ ಹೊಗೆ ಬರುತ್ತೆ. ನೀನು ಹೇಳಿದ್ದರಲ್ಲಿ ಇದ್ಯಾವುದೂ ಇಲ್ಲ. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ ಆಯಿತು, ಇಲ್ಲ ಗಾಳಿ ಸಾಲಲಿಲ್ಲ. ಗಾಳಿ ನೋಡೋದು ಸುಲಭ. ಅದಕ್ಕೆ ದುಡ್ಡೂ ಬೇಡ. ಏರ್ ಫಿಲ್ಟರ್ ತೆಗೆದು ನೋಡಬೇಕು. ಗಾಳಿ ಒತ್ತಿ ತಳ್ಳುವ ಟರ್ಬೊದಿಂದ ಅದನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಪೈಪಿನ ಸುತ್ತ ಕೈಯಾಡಿಸಬೇಕು, ಎಂಜಿನ್ ಆಫ್ ಇದ್ದಾಗ. ಸೀಳಿದ್ದರೆ ಆ ಜಾಗದಲ್ಲಿ ಎಣ್ಣೆ ಪಸೆ ಕೂತಿರುತ್ತೆ. ನಿಂತಲ್ಲೇ ರೇಸ್ ಮಾಡಿದರೆ ಎಷ್ಟೋ ಸಲ ಗೊತ್ತಾಗೋದಿಲ್ಲ. ಲೋಡ್ ಬಿದ್ದಾಗ ಮಾತ್ರ ಸೀಳು ಬಾಯಿ ಬಿಟ್ಟು ಉಸ್ ಅನ್ನುತ್ತೆ. "ಏರ್ ಫಿಲ್ಟರ್ ನೋಡಿದ್ನಾ?" ಅಂತ ನಾನು ಕೇಳಿದ್ದಕ್ಕೆ ನೀನು ಇಲ್ಲ ಅಂದೆಯಲ್ಲ, ನನ್ನ ತಲೆ ಕೆಟ್ಟಿದ್ದು ಅಲ್ಲೇ.

ಈಗ ಬೇರೆ ಗ್ಯಾರೇಜು ಹುಡುಕುವ ವಿಷಯ. ತುಮಕೂರಿಗೆ ನೀನು ಹೊಸಬಳು, ಗಾಡಿಯೂ ಹೊಸತಾಗಿ ಕೊಂಡ ಹಳೇ ಗಾಡಿ. ಕೆಟ್ಟು ನಿಂತ ಮೇಲೆ ಗ್ಯಾರೇಜು ಹುಡುಕಿದರೆ ಹುಡುಕಿದ ಹಾಗಲ್ಲ, ಸಿಕ್ಕಿಬಿದ್ದ ಹಾಗೆ. ನನಗೆ 2003ರಲ್ಲಿ ಆಗಿದ್ದು ಅದೇ. ಶೇಂಗಾ ಎಣ್ಣೆ ಡಬ್ಬ ತುಂಬಿಕೊಂಡು ಬೆಂಗಳೂರಿಗೆ ಹೊರಟಿದ್ದೆ. ಶಿರಾ ದಾಟುವಾಗ ನಮ್ಮ 1613 ಲಾರಿಗೆ ದಮ್ಮೇ ಇಲ್ಲ. ಹೈವೇ ಪಕ್ಕದ ಒಂದು ಗ್ಯಾರೇಜಿಗೆ ಹಾಕಿದೆ. ಅವನು ಎಂಜಿನ್ನಿಗೆ ಡೀಸೆಲ್ ಕೊಡುವ ಪಂಪಿನ ಸೀಸದ ಸೀಲು ಕಿತ್ತು, ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಮಾಡಿಕೊಟ್ಟ. ಅರ್ಧ ಗಂಟೆ ಕೆಲಸ, ಗಾಡಿ ಕುದುರೆ ಥರ ಓಡಿತು. ನಾನು ಖುಷಿಯಿಂದ ಟೀ ಖರ್ಚಿಗೂ ಕೊಟ್ಟು ಬಂದೆ! ಆಮೇಲೆ ಶುರುವಾಯಿತು ನೋಡು. ಹೊಗೆ, ಹೀಟು, ಡೀಸೆಲ್ ಖರ್ಚು. ಮೂರು ತಿಂಗಳಿಗೆ ಒಂದು ಪಿಸ್ಟನ್ ಸುಟ್ಟಿತು. ಆ ವರ್ಷ ನಿನ್ನ ಸ್ಕೂಲ್ ಫೀಸು ತಡವಾಗಿದ್ದು ಅದಕ್ಕೇ.

ಕೊನೆಗೆ ಪಂಪನ್ನು ಬಿಚ್ಚಿಸಿ ಬೆಂಗಳೂರಿನ ಪಂಪಿನ ಅಂಗಡಿಗೆ ಒಯ್ದೆ. ಆಡುಗೋಡಿ ಕಡೆ ಹೋದಾಗ ಮೈಕೋ ಕಾರ್ಖಾನೆ ತೋರಿಸುತ್ತಿದ್ದೆನಲ್ಲ, ಆ ಮೈಕೋ ಪಂಪು. 1951ರಲ್ಲಿ ಹುಟ್ಟಿದ ಕಂಪನಿ. 2008ರಲ್ಲಿ ಹೆಸರು ಬಾಷ್ ಅಂತ ಬದಲಾಯಿತು. ಲಾರಿಯವರ ಬಾಯಲ್ಲಿ ಇವತ್ತಿಗೂ ಮೈಕೋನೇ. ಅಂಗಡಿಯವರು ಪಂಪನ್ನು ಬೆಂಚಿಗೆ ಕಟ್ಟಿ, ಆರೂ ಗಾಜಿನ ಕೊಳವೆಯಲ್ಲಿ ಡೀಸೆಲ್ ಎಷ್ಟೆಷ್ಟು ಬೀಳುತ್ತೆ ಅಂತ ನನಗೆ ತೋರಿಸಿದರು. ಒಂದೊಂದರಲ್ಲಿ ಒಂದೊಂದು ಮಟ್ಟ. ಸರಿ ಮಾಡಿ, ಮತ್ತೆ ಸೀಲು ಹಾಕಿ, "ಇದನ್ನು ಯಾರಿಗೂ ಮುಟ್ಟೋಕೆ ಬಿಡಬೇಡಿ" ಅಂದರು. ಅಳೆದು ತೋರಿಸುವವರು ಹೇಗಿರುತ್ತಾರೆ ಅಂತ ಅವತ್ತು ಕಣ್ಣಾರೆ ನೋಡಿದೆ.

ಹುಡುಕೋದಕ್ಕೆ ನನ್ನ ಒಂದು ಉಪಾಯ ಇದೆ, ನಗಬೇಡ. ಗ್ಯಾರೇಜಿನ ಒಳಗೆ ಹೋಗುವ ಮೊದಲು ಹೊರಗೆ ನಿಂತ ಗಾಡಿಗಳ ನಂಬರ್ ಪ್ಲೇಟು ನೋಡು. ಬರೀ ಬೇರೆ ರಾಜ್ಯದ ಗಾಡಿಗಳೇ ಇದ್ದರೆ ಅವು ಹೈವೇಯಲ್ಲಿ ಕೆಟ್ಟು ನಿಂತು, ಬೇರೆ ದಾರಿಯಿಲ್ಲದೆ ಬಂದವು. ಮತ್ತೆ ಬರೋದಿಲ್ಲ ಅಂತ ಗ್ಯಾರೇಜಿನವನಿಗೂ ಗೊತ್ತು. ತುಮಕೂರಿನ ಕೆಎ 06, ಪಕ್ಕದ ತಿಪಟೂರಿನ ಕೆಎ 44, ನಮ್ಮ ಚಿತ್ರದುರ್ಗದ ಕೆಎ 16 ಕಂಡರೆ ಅವು ಬೇಕು ಅಂತಲೇ ಬಂದವು. ಎರಡು ವಾರ ಬಿಟ್ಟು ಹೋದಾಗ ಅದೇ ಓನರ್ ಹೆಸರಿನ ಬೇರೆ ಗಾಡಿ ನಿಂತಿದ್ದರೆ ಒಳಗೆ ಹೋಗು.

ಇನ್ನೊಂದು, ಸ್ಪೇರ್ ಪಾರ್ಟ್ಸ್ ಅಂಗಡಿಯವರನ್ನು ಕೇಳಬೇಡ. ಅವರಿಗೂ ಮೇಸ್ತ್ರಿಗಳಿಗೂ ಕಮಿಷನ್ ಲೆಕ್ಕ ಇರುತ್ತೆ. ಎಲ್ಲರೂ ಹಾಗೆ ಅಂತಲ್ಲ, ಆದರೂ ಬೇಡ. ಲೇತ್ ಅಂಗಡಿಗೆ ಹೋಗಿ ಕೇಳು. ಯಾರು ಎಂಜಿನ್ನಿನ ಮೇಲ್ಮುಚ್ಚಳ ಹೆಡ್ಡನ್ನು ಚೆಕ್ ಮಾಡಿಸೋಕೆ ಕಳಿಸುತ್ತಾರೆ, ಯಾರು ಹಾಗೇ ಕೂರಿಸುತ್ತಾರೆ, ಯಾರ ಕೆಲಸ ಆರು ತಿಂಗಳಿಗೆ ವಾಪಸ್ ಬರುತ್ತೆ, ಎಲ್ಲ ಅವನ ಬೆಂಚಿನ ಮೇಲೇ ಬರೋದು. ಹೆಸರು ಹೇಳಿ ಬೈಯೋದಿಲ್ಲ ಅವರು. ಯಾರ ಹೆಸರು ಮೊದಲು ಬಾಯಿಗೆ ಬರುತ್ತೆ ನೋಡು, ಸಾಕು.

ಸಿಕ್ಕಿದ ಗ್ಯಾರೇಜಿಗೆ ಮೊದಲ ದಿನವೇ ಎಂಜಿನ್ ಒಪ್ಪಿಸಬೇಡ. ಆಯಿಲ್ ಚೇಂಜ್, ಹಬ್ ಗ್ರೀಸಿಂಗ್, ಅಂಥದ್ದೊಂದು ಸಣ್ಣ ಕೆಲಸ ಕೊಟ್ಟು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತುಬಿಡು. ಬಿಚ್ಚಿದ ಬೋಲ್ಟು ಟ್ರೇಗೆ ಹೋಗುತ್ತಾ, ಮಣ್ಣಿಗೆ ಬೀಳುತ್ತಾ? ಹಳೇ ಫಿಲ್ಟರ್ ನಿನಗೆ ತೋರಿಸುತ್ತಾರಾ? ಡೀಸೆಲ್ ಪೈಪು ಬಿಚ್ಚಿದ ಗಾಡಿ ಅಲ್ಲಿ ನಿಂತಿದ್ದರೆ ಪೈಪಿನ ಬಾಯಿಗೆ ಕ್ಯಾಪ್ ಹಾಕಿದ್ದಾರಾ ನೋಡು. ಇದು ನಿನ್ನ ಗಾಡಿಗೆ ಬಹಳ ಮುಖ್ಯ. ನನ್ನ 1613ರ ನಾಜಲ್ ಸುಮಾರು 200 ಬಾರ್ ಪ್ರೆಶರಿಗೆ ಬಾಯಿ ಬಿಡುತ್ತಿತ್ತು. ನಿನ್ನದು ಕಾಮನ್ ರೈಲ್, ಅಂದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಿಗೆಲ್ಲ ಒಂದೇ ಪೈಪಿನಿಂದ ಭಾರೀ ಪ್ರೆಶರಿನಲ್ಲಿ ಡೀಸೆಲ್ ಹೋಗುತ್ತೆ. ಅಂಥ ಗಾಡಿಯಲ್ಲಿ ಪ್ರೆಶರ್ 1,600 ಬಾರ್ ಆಸುಪಾಸಿಗೆ ಹೋಗುತ್ತೆ. ಲಾರಿ ಟೈರಿನ ಗಾಳಿ 8 ಬಾರ್ ಇರುತ್ತೆ, ಲೆಕ್ಕ ಹಾಕಿಕೋ. ಅಲ್ಲಿಗೆ ಒಂದು ಕಣ ಧೂಳು ಹೋದರೂ ಇಂಜೆಕ್ಟರ್ ಹಾಳಾಗಬಹುದು. ಹಾಗೇ, ಎಂಜಿನ್ ಓಡುವಾಗ ಆ ಪೈಪಿನ ಲೀಕನ್ನು ಯಾವತ್ತೂ ಕೈಯಿಂದ ಮುಟ್ಟಿ ನೋಡಬೇಡ. ಆ ಪ್ರೆಶರಿನ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತೆ. ನಿನ್ನ ಡ್ರೈವರಿಗೂ ಹೇಳು.

ಇಂಜೆಕ್ಟರ್ ಕೆಟ್ಟಿದೆ ಅಂದರೆ ಎರಡು ಪ್ರಶ್ನೆ ಕೇಳು. ಬ್ಯಾಕ್ ಲೀಕ್ ಟೆಸ್ಟ್ ಮಾಡಿದ್ದೀರಾ ಅಂತ ಒಂದು. ನಾಲ್ಕು ಇಂಜೆಕ್ಟರಿನ ರಿಟರ್ನ್ ಪೈಪಿಗೆ ನಾಲ್ಕು ಸಣ್ಣ ಬಾಟಲಿ ಕಟ್ಟಿ ಎಂಜಿನ್ ಓಡಿಸಿದರೆ, ಸೋರುವ ಇಂಜೆಕ್ಟರಿನ ಬಾಟಲಿ ಬೇಗ ತುಂಬುತ್ತೆ. ಒಂದು ಕೆಟ್ಟಿರುವಾಗ ನಾಲ್ಕಕ್ಕೆ ಯಾಕೆ ದುಡ್ಡು ಕೊಡಬೇಕು? ಇನ್ನೊಂದು, ಹೊಸ ಇಂಜೆಕ್ಟರಿನ ಮೇಲಿನ ಕೋಡನ್ನು ಎಂಜಿನ್ ನಡೆಸುವ ಕಂಪ್ಯೂಟರಿಗೆ, ಅದೇ ಇಸಿಎಂಗೆ, ಹಾಕಿ ಕೊಡುತ್ತೀರಾ ಅಂತ. ಕೋಡ್ ಇರುವ ಇಂಜೆಕ್ಟರಿಗೆ ಅದನ್ನು ಹಾಕದೇ ಇದ್ದರೆ ಎಂಜಿನ್ ನಡುಗಬಹುದು, ಹೊಗೆ ಬರೋದು ನಿಲ್ಲದೇ ಇರಬಹುದು. "ಅದೆಲ್ಲ ಏನೂ ಬೇಡ ಮೇಡಂ" ಅಂದರೆ ಗಾಡಿ ಕೀ ಇಸ್ಕೊಂಡು ಬಾ. "ನಮ್ಮ ಹತ್ತಿರ ಆ ಸ್ಕ್ಯಾನರ್ ಇಲ್ಲ, ಕಂಪನಿ ಸರ್ವಿಸಿಗೆ ಹೋಗಿ ಹಾಕಿಸಿಕೊಳ್ಳಿ" ಅಂದರೆ ಅಲ್ಲೇ ಇರು. ನನ್ನ ಕೈಲಿ ಆಗೋದಿಲ್ಲ ಅಂತ ಒಪ್ಪಿಕೊಂಡು ಗಿರಾಕಿಯನ್ನು ಕಳಿಸಿಕೊಡುವವನು ಸಿಗೋದು ಕಷ್ಟ ಪುಟ್ಟಿ. 28 ವರ್ಷದಲ್ಲಿ ನನಗೆ ಸಿಕ್ಕವರು ಮೂರೇ ಜನ.

ಸ್ಕ್ಯಾನರ್ ಇದ್ದ ಮಾತ್ರಕ್ಕೆ ಮರುಳಾಗಬೇಡ ಮತ್ತೆ. ಅದು ಯಾವ ಕಡೆ ತೊಂದರೆ ಇದೆ ಅಂತ ಹೇಳುತ್ತೆ, ಯಾವ ಪಾರ್ಟು ಸತ್ತಿದೆ ಅಂತಲ್ಲ. ಸೆನ್ಸರ್ ಅಂತ ತೋರಿಸಿದರೆ ಇಲಿ ಕಡಿದ ವೈರೂ ಇರಬಹುದು.

ಮುಂದೆ ಬಿಎಸ್-6, ಅಂದರೆ ಹೊಗೆಯ ಹೊಸ ನಿಯಮದ ಗಾಡಿ ತಗೊಳ್ಳುವ ಯೋಚನೆ ಇದೆ ಅಂದೆಯಲ್ಲ. 2020ರ ಏಪ್ರಿಲಿನಿಂದ ಬಂದಿದ್ದೆಲ್ಲ ಅವೇ. ಹೊಗೆ ಶುದ್ಧ ಮಾಡೋಕೆ ಯೂರಿಯಾ ಹಾಕುವ ಗಾಡಿ ಆದರೆ ಖರ್ಚು ಉಳಿಸುತ್ತೇನೆ ಅಂತ ಒಬ್ಬ ಬಂದೇ ಬರುತ್ತಾನೆ. ಒಂದು ಡಬ್ಬಿ ಕೂರಿಸುತ್ತೇನೆ, ಯೂರಿಯಾನೇ ಬೇಡ ಅನ್ನುತ್ತಾನೆ. ಅದು ಕಾನೂನಿಗೆ ವಿರುದ್ಧ. ಸರ್ಕಾರಕ್ಕೆ ಟೋಪಿ ಹಾಕೋದನ್ನು ಹಲ್ಲು ಕಿರಿದು ಹೇಳುವವನು ನಿನಗೆ ಟೋಪಿ ಹಾಕದೆ ಬಿಡುತ್ತಾನಾ? ಹೊಲಕ್ಕೆ ಹಾಕುವ ಯೂರಿಯಾ ನೀರಲ್ಲಿ ಕಲಸಿ ಹಾಕಿ ಅನ್ನುವವರೂ ಇದ್ದಾರೆ. ಟ್ಯಾಂಕಿಗೆ ಹಾಕೋದು 32.5% ಯೂರಿಯಾ ಇರುವ ಶುದ್ಧ ದ್ರಾವಣ. ಬೇರೆ ಹಾಕಿದರೆ ಸೈಲೆನ್ಸರಿನೊಳಗೆ ಉಪ್ಪಿನ ಹಾಗೆ ಕಟ್ಟಿಕೊಂಡು ಕೂರುತ್ತೆ.

"ಮನೆಯವರನ್ನು ಕರ್ಕೊಂಡು ಬನ್ನಿ ಮೇಡಂ, ಅವರ ಹತ್ತಿರ ಮಾತಾಡ್ತೀವಿ" ಅಂದರಂತೆ ಆ ಗ್ಯಾರೇಜಿನವರು. ನನಗೆ ಅದೇ ಜಾಸ್ತಿ ಚುಚ್ಚಿದ್ದು. ಓನರ್ ನಾನೇ, ನನಗೇ ಹೇಳಿ ಅನ್ನು. ಜಗಳ ಬೇಡ. ಡೈರಿ ತೆಗೆದು ಬರೆದುಕೊಳ್ಳೋಕೆ ಶುರು ಮಾಡು. ಯಾವ ಪಾರ್ಟು, ಯಾವ ಕಂಪನಿದು, ಎಷ್ಟು ರೇಟು, ಕೂಲಿ ಎಷ್ಟು, ಯಾವತ್ತು ಕೊಡುತ್ತೀರಿ. ಬರೆಯುವವರ ಎದುರು ಮಾತು ತಾನಾಗೇ ತೂಕಕ್ಕೆ ಬರುತ್ತೆ. ಗಾಡಿ ಬಿಡುವಾಗ ಕಿಲೋಮೀಟರ್, ಡೀಸೆಲ್ ಮುಳ್ಳು, ಬ್ಯಾಟರಿ ನಂಬರ್, ಟೈರ್ ನಂಬರ್ ಫೋಟೊ ತೆಗೆದಿಟ್ಟುಕೋ. ಹಳೇ ಪಾರ್ಟೆಲ್ಲ ಗಾಡಿಯಲ್ಲೇ ಹಾಕಿ ಅಂತ ಮೊದಲೇ ಹೇಳು, ಆಮೇಲಲ್ಲ. ಜಿಎಸ್‌ಟಿ ಬಿಲ್ಲು ಕೇಳು.

ಇಷ್ಟೆಲ್ಲ ಅವರನ್ನು ಪರೀಕ್ಷೆ ಮಾಡೋದೇ ಆಯಿತು. ನನ್ನದೂ ಒಂದು ತಪ್ಪಿದೆ, ನಿಮ್ಮಮ್ಮನಿಗೂ ಪೂರ್ತಿ ಗೊತ್ತಿಲ್ಲ. ಹಿರಿಯೂರಿನ ತಗಡು ಶೆಡ್ಡಿನ ಮೇಸ್ತ್ರಿ ನೆನಪಿದ್ದಾರಲ್ಲ, ನಿನಗೆ ಬೇರಿಂಗ್ ಗೋಲಿ ಕೊಡುತ್ತಿದ್ದರು. 2011ರಲ್ಲಿ ಹೆಡ್ಡಿನ ಕೆಳಗೆ ಸೋರದ ಹಾಗೆ ಇಡುವ ಗ್ಯಾಸ್ಕೆಟ್ ಹೋಯಿತು. ಅವರು, "ಹೆಡ್ ಬೆಂಡ್ ಆಗಿದೆಯಾ ಲೇತಲ್ಲಿ ನೋಡಿಸಬೇಕು, ಎರಡು ದಿನ ಬೇಕು" ಅಂದರು. ಯಶವಂತಪುರದಲ್ಲಿ ಈರುಳ್ಳಿ ರೇಟು ಏರುತ್ತಿತ್ತು, ನನಗೆ ತಡೆಯಲಿಲ್ಲ. ಇನ್ನೊಬ್ಬ ರಾತ್ರಿಯೇ ಮುಗಿಸಿಕೊಡುತ್ತೇನೆ ಅಂದ. ಮೇಸ್ತ್ರಿಗೆ ಕೊಡಬೇಕಿದ್ದ ಎರಡೂವರೆ ಸಾವಿರ ಬಾಕಿ ಇಟ್ಟುಕೊಂಡೇ ಅಲ್ಲಿಗೆ ಹೋದೆ. ಅವನು ಹೆಡ್ಡು ಒರೆಸಿ, ಹೊಸ ಗ್ಯಾಸ್ಕೆಟ್ ಇಟ್ಟು ಹಾಗೇ ಬಿಗಿದ. ಇಪ್ಪತ್ತು ದಿನಕ್ಕೆ ನೆಲಮಂಗಲದ ಹತ್ತಿರ ಹೆಡ್ಡೇ ಬಿರುಕು ಬಿಟ್ಟಿತು. ಗಾಡಿಯನ್ನು ಎಳೆಸಿಕೊಂಡು ಹಿರಿಯೂರಿಗೇ ತಂದೆ, ಬೇರೆ ಯಾರ ಹತ್ತಿರ ಹೋಗಲಿ? ಮುಖ ಎತ್ತೋಕಾಗಲಿಲ್ಲ. ಮೇಸ್ತ್ರಿ ಒಂದು ಮಾತೂ ಆಡಲಿಲ್ಲ. ಕೈ ಒರೆಸಿಕೊಂಡು ಬಂದು, "ನೀರು ಯಾವಾಗಿಂದ ಇಳೀತಿತ್ತಣ್ಣ?" ಅಂತ ಕೇಳಿದರು, ಅಷ್ಟೇ. ಬಾಕಿ ದುಡ್ಡಿನ ಸುದ್ದಿಯನ್ನು ಅವತ್ತೂ ಎತ್ತಲಿಲ್ಲ. ಅದನ್ನು ನಾನು ಕೊಟ್ಟಿದ್ದು ದೀಪಾವಳಿಗೆ. ಕೊಡುವಾಗ ಕೈ ನಡುಗಿತು.

ಅದಕ್ಕೇ, ಒಳ್ಳೆಯವರು ಸಿಕ್ಕರೆ ಉದ್ರಿ ಬೆಳೆಸಬೇಡ. ಅವರು ಎರಡು ದಿನ ಬೇಕು ಅಂದರೆ ಎರಡು ದಿನ ಕೊಡು. ಕಂತು ಕಟ್ಟಬೇಕು, ಟೊಮೆಟೊ ಕೊಳೆಯುತ್ತೆ, ಎಲ್ಲ ಗೊತ್ತು. ಆ ಎರಡು ದಿನಕ್ಕೆ ಬಾಡಿಗೆ ಗಾಡಿ ಮಾಡು.

ನಾನು ಬರ್ಲಾ ಅಂದರೆ ಬೇಡ ಅಂದೆ. ಸರಿ. ಪತ್ರ ಸಿಕ್ಕ ಮಾರನೇ ದಿನ ಬೆಳಿಗ್ಗೆ ಎಂಜಿನ್ ಬಿಸಿಯಾಗುವ ಮುಂಚೆ ನೀನೇ ಕ್ಯಾಬಿನ್ ಎತ್ತಿಸಿ ಆ ರಬ್ಬರ್ ಪೈಪು ನೋಡು, ಕ್ಲಿಪ್ಪು ಸಡಿಲ ಇದೆಯಾ ಅಂತಲೂ ನೋಡು. ಪತ್ರದ ಜೊತೆ ಎರಡು ಕ್ಲಿಪ್ಪು ಇಟ್ಟಿದ್ದೇನೆ, ಸೈಜು ಸರಿಹೋಗಬಹುದು. ಫೋಟೊ ಕಳಿಸು. ಟೂಲ್ ಬಾಕ್ಸಿನಲ್ಲಿ 19ರ ಸ್ಪ್ಯಾನರ್ ಕಾಣುತ್ತಿಲ್ಲ ಅಂತ ಡ್ರೈವರನ್ನು ಬೈದೆಯಂತೆ. ಪಾಪ, ಅವನದೇನೂ ತಪ್ಪಿಲ್ಲ. ಹೋದ ಸಲ ಬಂದಾಗ ನಾನೇ ತಗೊಂಡು ಬಂದಿದ್ದೆ, ಬೋರ್‌ವೆಲ್ ಮೋಟರಿಗೆ ಬೇಕಿತ್ತು.

ಇಂತಿ,
ನಿನ್ನ ಅಪ್ಪ