ದೊಡ್ಡಮ್ಮನ ಉದಾಸೀನ ಯಾವ ಕಾಲಂಗೆ ಬರುತ್ತದೆ?

ಮಾನ್ಯ ಕಾಸರಗೋಡು ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ಪೈವಳಿಕೆಯಿಂದ ಬರೆಯುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಹಿರಿಯರ ಆರೋಗ್ಯ ಸಮೀಕ್ಷೆಗೆಂದು ನಮ್ಮ ಮನೆಗೆ ಒಬ್ಬಳು ಹುಡುಗಿ ಬಂದಿದ್ದಳು. ಫಾರಂ ಪೂರ್ತಿ ಮಲಯಾಳದಲ್ಲಿತ್ತು. ಎಂಬತ್ತು ದಾಟಿದ ನನ್ನ ದೊಡ್ಡಮ್ಮನ ಹತ್ತಿರ "ವಿಷಾದ ಉಂಟಾ?" ಎಂದು ಕೇಳಿದಳು. ಮಲಯಾಳದಲ್ಲಿ ವಿಷಾದ ಅಂದರೆ ಖಿನ್ನತೆ. ನಮ್ಮಲ್ಲಿ ಹಾಗಲ್ಲವಲ್ಲ! "ವಿಷಾದ ಯಾಕೆ ಮಗಾ, ನಾನು ಯಾರಿಗೂ ಅನ್ಯಾಯ ಮಾಡಿಲ್ಲ" ಎಂದರು ದೊಡ್ಡಮ್ಮ. 'ಇಲ್ಲ' ಎಂಬಲ್ಲಿ ಗೀಟು ಬಿತ್ತು.

ಅದೇ ದೊಡ್ಡಮ್ಮ ಸಂಜೆ ದೀಪ ಹಚ್ಚಿ ಜಗಲಿಯಲ್ಲಿ ಕೂತು, "ಉದಾಸೀನ ಆಗ್ತದೆ, ಇನ್ನು ಒಮ್ಮೆ ಹೋದರೆ ಸಾಕು" ಅಂತ ದಿನಾ ಹೇಳುವವರು. ನಮ್ಮ ಕಡೆ ಉದಾಸೀನ ಅಂದರೆ ಯಾವುದೂ ಬೇಡವೆನಿಸುವ ಬೇಸರ. ಪ್ರಾಯದವರ ಮಾತು ಅಂತ ನಾವೂ ಸುಮ್ನೆ ಬಿಟ್ಟಿದ್ದೆವು.

2022ರಲ್ಲಿ ದೇಶದಲ್ಲಿ ಲಕ್ಷಕ್ಕೆ 12.4 ಮಂದಿ ಆತ್ಮಹತ್ಯೆ ಮಾಡಿಕೊಂಡರೆ ಕೇರಳದಲ್ಲಿ 28.5 ಮಂದಿ. ಇದು ಪೊಲೀಸ್ ದಾಖಲೆಯ ಲೆಕ್ಕ. ಅದರಲ್ಲಿ 60 ದಾಟಿದವರೆಲ್ಲ ಒಂದೇ ಗುಂಪು. ನಿನ್ನೆ ಅರುವತ್ತು ತುಂಬಿದ ಮಾಸ್ತರರೂ ಕೋಲೂರಿ ನಡೆಯುವ 85ರ ಅಜ್ಜಿಯೂ ಒಟ್ಟಿಗೆ. ಕಾರಣ ಎಂಬಲ್ಲಿ 'ಕಾಯಿಲೆ' ಅಂತ ಬರೆದರೆ ಮುಗಿಯಿತು. ಆ ಕಾಯಿಲೆಯ ಹಿಂದೆ ಏನಿತ್ತು ಎಂದು ತಿಳಿಯಲು ಮನೆಯವರ, ನೆರೆಯವರ ಜೊತೆ ಕೂತು ನಿಧಾನಕ್ಕೆ ಮಾತಾಡುವ ಅಧ್ಯಯನ ಬೇಕು. ಕನ್ನಡದಲ್ಲಿ, ತುಳುವಿನಲ್ಲಿ.

ಹಿರಿಯರ ಖಿನ್ನತೆ ತಿಳಿಯಲು 15 ಪ್ರಶ್ನೆಗಳ ಒಂದು ಪಟ್ಟಿ ಉಂಟು, ಹೌದು-ಇಲ್ಲ ಅಂದರಾಯಿತು. ಆದರೆ ಸಾಯುವ ಯೋಚನೆ ಬರುತ್ತದಾ ಎಂದು ಅದು ನೇರವಾಗಿ ಕೇಳುವುದಿಲ್ಲ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗ್ತದೆ ಎಂಬ ಹೆದರಿಕೆ ಜನರಿಗೆ. ಅಧ್ಯಯನಗಳಲ್ಲಿ ಹಾಗೆ ಕಂಡುಬಂದಿಲ್ಲ. ಕೊನೆಗೆ ನಾನೇ ಧೈರ್ಯ ಮಾಡಿ ದೊಡ್ಡಮ್ಮನನ್ನು ಕೇಳಿದೆ. ವೀಳ್ಯದೆಲೆಯ ತೊಟ್ಟು ಮುರಿಯುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಾತಾಡಿದ್ದೇ ಮಾತಾಡಿದ್ದು. ಆ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಈಗ ಊಟ, ನಿದ್ದೆ ಸ್ವಲ್ಪ ಪರವಾಗಿಲ್ಲ.

ಎಣ್ಮಕಜೆ ಕಡೆ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದ ಮಕ್ಕಳನ್ನು ನೋಡಿಕೊಳ್ಳುತ್ತಲೇ ಮುದುಕಿಯರಾದ ತಾಯಂದಿರಿದ್ದಾರೆ. "ನಾನು ಹೋದ ಮೇಲೆ ಇವನಿಗೆ ಯಾರು?" ಎಂಬ ಅವರ ಪ್ರಶ್ನೆ ಬೇರೆ ಕಡೆ ಮಾಡಿದ ಯಾವ ಪಟ್ಟಿಯಲ್ಲಿ ಸಿಗುತ್ತದೆ ಹೇಳಿ.

ಹಾಸಿಗೆ ಹಿಡಿದವರ ಆರೈಕೆ ಮಾಡುವ ಪಂಚಾಯತಿನ ಪಾಲಿಯೇಟಿವ್ ನರ್ಸ್‌ಗಳು ಹೇಗೂ ಮನೆಮನೆಗೆ ಹೋಗುತ್ತಾರೆ. ಅವರಿಗೆ ತರಬೇತಿ ಕೊಡಿಸಿ, ಪ್ರಶ್ನೆಗಳನ್ನು ಇಲ್ಲಿಯ ಅಜ್ಜ-ಅಜ್ಜಿಯಂದಿರ ಮುಂದೆ ಓದಿ ನೋಡಿದ ಮೇಲೆಯೇ ಅಚ್ಚು ಮಾಡಿಸಿ. ಸಾಯುವ ಯೋಚನೆ ಬರುತ್ತದಾ ಎಂಬುದಕ್ಕೆ 'ಹೌದು' ಅಂದವರ ಮನೆಗೆ ಅದೇ ವಾರ ಯಾರು ತಿರುಗಿ ಹೋಗಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಿ. ಮನಸ್ಸಿನ ಕಷ್ಟಕ್ಕೆ ಫೋನಿನಲ್ಲಿ ನೆರವು ಕೊಡುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ರೇಷನ್ ಅಂಗಡಿಗಳಲ್ಲಿ ಹಾಕಿಸಿ. ದೊಡ್ಡಮ್ಮನಿಗೆ ಕನ್ನಡಕ ಹಾಕಿದರೂ ಸಣ್ಣ ಅಕ್ಷರ ಕಾಣುವುದಿಲ್ಲ.

ಇತಿ,
ಪೈವಳಿಕೆಯ ಒಬ್ಬ ನಾಗರಿಕ